ಮುಳ್ಳು ಚುಚ್ಚಿದಲ್ಲಿ ಊದಿಕೊಳ್ಳುವುದೇಕೆ?

ಬಸಿರಿನ ಕತ್ತಲಲ್ಲೂ ಕಣ್ಣು ಮುಚ್ಚದೆ ಕಾಯುವ ತಂದೆಯೇ, ಮೊದಲ ಶರಣು ನಿನಗೆ.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ, ಮಕ್ಕಳೇ. ಹುಲ್ಲಿಗೆ ಆಗಷ್ಟೇ ಹಸಿರು ಬಂದಿತ್ತು. ಮೊಟ್ಟಮೊದಲ ಜಿಂಕೆಯ ಹೊಟ್ಟೆಯಲ್ಲಿ ಮೊಟ್ಟಮೊದಲ ಮರಿ ಬೆಳೆಯುತ್ತಿತ್ತು. ಹುಣಸೆಬೀಜದಷ್ಟು ಮರಿ! ಅದರೊಳಗೆ ಕೂದಲಿಗಿಂತ ಸಣ್ಣ ನೆತ್ತರ ಹೊಳೆಗಳು ದಡಬಡ ಹೊರಟಿದ್ದವು.

ಆ ಹೊಳೆಗೆ ದಂಡೆ ಯಾವುದು ಗೊತ್ತೇ? ಕಲ್ಲಲ್ಲ, ಮಣ್ಣಲ್ಲ. ಕಣ್ಣಿಗೆ ಕಾಣದಷ್ಟು ಪುಟ್ಟ ಜೀವಕಣಗಳೇ ಅಕ್ಕತಂಗಿಯರಂತೆ ಸಾಲಾಗಿ ಕೂತು ದಂಡೆಯಾಗಿದ್ದವು. ದೇವರು ಒಬ್ಬೊಬ್ಬಳ ಅಂಚಿಗೂ ಪುಟ್ಟ ಪುಟ್ಟ ಕೈಗಳನ್ನು ಕೊಟ್ಟಿದ್ದ. ಅವರೋ, ಕೈ ಯಾಕೆಂದೇ ತಿಳಿಯದೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು!

ಸಂದಿಸಂದಿಯಲ್ಲಿ ಹೊಳೆ ಸೋರಿತು. ಮರಿಯ ಮೈ ಊದಿತು.

“ಸೋರಿಹೋಗ್ತಿದ್ದೀನಿ ಕಣ್ರೇ! ಹೀಗಾದ್ರೆ ಮರಿ ಬದುಕೋದಿಲ್ಲ!” ಎಂದು ಹೊಳೆ ಕೂಗಿತು.

“ನನ್ನ ಕಡೆ ಸೋರಿಲ್ಲಪ್ಪ. ಎಲ್ಲ ಈ ನೀಲವ್ವನ ಕಡೆಯೇ,” ಎಂದಳು ಹಿರಿಯ ಕಣ ಅಂಚವ್ವ.

ಪಕ್ಕದ ಕಿರಿಯ ಕಣ ನೀಲವ್ವ ಸುಮ್ಮನಿರುತ್ತಾಳೆಯೇ? “ಆಹಾ! ಸಂದಿ ಇರೋದು ನಮ್ಮಿಬ್ಬರ ನಡುವೆ ಅಕ್ಕಾ. ಅರ್ಧ ನಿನ್ನದೂ ಹೌದು!”

ಅಂಚವ್ವನಿಗೆ ನಗು ಬಂತು. “ತಾರೇ ಇಲ್ಲಿ ಕೈ,” ಎಂದಳು. ಕೈಗೆ ಕೈ ಸೇರಿತು. ಸಾಲಿಡೀ ಕೈಕೈ ಹಿಡಿಯಿತು. ಸೋರುವುದು ನಿಂತೇಬಿಟ್ಟಿತು!

ಆದರೆ ಹೆದರಿದವರ ಹಿಡಿತ ನೋಡಿ. ಬಿಗಿ, ಇನ್ನೂ ಬಿಗಿ, ಮತ್ತೂ ಬಿಗಿ!

ಆಗ ಮರಿಯ ಪುಟಾಣಿ ಗೊರಸು ಅತ್ತಿತು. “ಅಂಚವ್ವಾ, ಹೊಳೆ ಪಕ್ಕದಲ್ಲೇ ಹರೀತಿದೆ, ನನಗೆ ಒಂದು ತುತ್ತೂ ಬರ್ತಿಲ್ಲ!”

“ಬಿಟ್ಟರೆ ಸೋರುತ್ತೆ, ಹಿಡಿದರೆ ಉಪವಾಸ. ದೇವರೇ, ನೀನೇ ದಾರಿ ತೋರಿಸು!” ಎಂದು ಅಂಚವ್ವ ಕಣ್ಮುಚ್ಚಿದಳು.

ತಾಯಿ ಜಿಂಕೆಯ ಉಸಿರು ಕೇಳಿಸಿತು. ಒಳಗೆ, ಹೊರಗೆ. ಒಳಗೆ, ಹೊರಗೆ.

“ಕೇಳಿಸ್ತೇನೇ ನೀಲವ್ವಾ? ತಾಯಿಯ ಉಸಿರೂ ಒಮ್ಮೆ ಬಿಗಿ, ಒಮ್ಮೆ ಸಡಿಲ! ಕೈ ಬಿಡೋದು ಬೇಡ. ಬೆರಳು ಮಾತ್ರ ಸಡಿಲಿಸೋಣ,” ಎಂದಳು ಅಂಚವ್ವ.

ಬೆರಳ ಸಂದಿಯಲ್ಲಿ ತುತ್ತು ದಾಟಿತು, ಹೊಳೆ ದಂಡೆಯೊಳಗೇ ಉಳಿಯಿತು. ತಿಂಗಳು ತುಂಬಿದಾಗ ಮರಿ ಹುಟ್ಟಿತು, ಚಂಗನೆ ನೆಗೆಯಿತು!

ಆ ಹಿಡಿತವನ್ನು ದೇವರು ನಮ್ಮೆಲ್ಲರ ಮೈಯಲ್ಲೂ ಇಟ್ಟ. ಅದಕ್ಕೇ ನಿಮ್ಮ ಕಾಲಿಗೆ ಮುಳ್ಳು ಚುಚ್ಚಿದಾಗ ಆ ಜಾಗ ಕೆಂಪಾಗಿ ಊದುತ್ತದೆ. ಮುಳ್ಳಿನ ಜೊತೆ ನುಗ್ಗಿದ ಕೊಳೆಯೊಡನೆ ಹೋರಾಡುವ ನೆತ್ತರಿನ ಕಾವಲುಗಾರರು ಹೊರಗೆ ಓಡಿಬರಲೆಂದು ಅಕ್ಕತಂಗಿಯರು ಬೆರಳು ಸಡಿಲಿಸಿರುತ್ತಾರೆ, ಜೊತೆಗೇ ಒಂದಿಷ್ಟು ನೀರೂ ಸೋರಿ ಊತವಾಗುತ್ತದೆ; ಕೆಲಸ ಮುಗಿದೊಡನೆ ಮತ್ತೆ ಬಿಗಿಹಿಡಿಯುತ್ತಾರೆ, ಊತ ಇಳಿಯುತ್ತದೆ.

ಕಿವಿಗೊಟ್ಟ ಕಂದಮ್ಮಗಳೆಲ್ಲ ತಂಪಾಗಿರಿ. ನಿಮ್ಮೊಳಗಿನ ಹೊಳೆಗಳು ನೂರು ವರುಷ ತುಂಬಿ ಹರಿಯಲಿ.