ದಂಟಮ್ಮನ ಸೋರುವ ಬೇಲಿ

ಲೋಕ ಇನ್ನೂ ಹೊಸದಾಗಿದ್ದ ಕಾಲ. ಎಷ್ಟು ಸುಡಬೇಕು ಅನ್ನುವ ಅಂದಾಜೇ ಸೂರ್ಯನಿಗೆ ಇರಲಿಲ್ಲ. ಚಳಿಗಾಳಿ ಬೇಡ ಅಂದಾಗಲೇ ಬರುತ್ತಿತ್ತು. ಇವರಿಬ್ಬರ ನಡುವೆ ಸಿಕ್ಕಿ ಸಾಕುಸಾಕಾಗಿದ್ದವಳು ದಂಟಮ್ಮ, ಹೊಳೆದಂಡೆಯ ಕೆಂಪು ದಂಟಿನ ಗಿಡ.

ದಂಟಮ್ಮನ ಒಡಲಲ್ಲಿ ಕಣ್ಣಿಗೆ ಕಾಣದಷ್ಟು ಪುಟ್ಟ ಪುಟ್ಟ ಕೋಣೆಗಳು. ಕೋಣೆ ತುಂಬ ಕೆಂಪು ರಸ. ರಸ ಆಚೆ ಹೋಗದ ಹಾಗೆ ಸುತ್ತ ಬೇಲಿಯಾಗಿ ನಿಂತವರು ಅವಳ ಜಿಡ್ಡಿನ ಮಕ್ಕಳು. ಎರಡು ಸಾಲು, ತಲೆ ಆಚೀಚೆಯ ನೀರಿನ ಕಡೆಗೆ, ಬಾಲ ಸಾಲುಗಳ ನಡುವಿಗೆ. ನಿಂತರೆ ಚೆಂದದ ಬೇಲಿಯೇ. ಆದರೆ ನಿಲ್ಲಬೇಕಲ್ಲ.

ಬಿಸಿಲೇರಿತೋ, ಬಾಲ ಬೀಸುತ್ತಾ ದೂರ ದೂರ ಸರಿಯುತ್ತಿದ್ದರು. ಸಂದಿಯಲ್ಲಿ ರಸ ಸೋರುತ್ತಿತ್ತು. ಬೆಳಗಿನ ಚಳಿ ಬಂತೋ, ಒಬ್ಬರಿಗೊಬ್ಬರು ಅಂಟಿಕೊಂಡು ಮರಗಟ್ಟುತ್ತಿದ್ದರು. ಬೇಲಿ ಬಿರುಕು ಬಿಟ್ಟು ಆಗಲೂ ರಸ ಸೋರುತ್ತಿತ್ತು.

"ಬಿಸಿಲಾದ್ರೂ ಸೋರ್ತೀರಿ, ಚಳಿಯಾದ್ರೂ ಸೋರ್ತೀರಿ. ನಿಮ್ಮನ್ನ ಕಟ್ಕೊಂಡು ನಾನೇನು ಮಾಡ್ಲಿ?" ಅಂತ ದಂಟಮ್ಮ ತಲೆ ಚಚ್ಚಿಕೊಂಡಳು. ಅವಳ ಸಂಕಟ ಬರೀ ಬಣ್ಣದ್ದಲ್ಲ. ತೆನೆಯಲ್ಲಿ ಬೀಜ ಇನ್ನೂ ಎಳೆಯದು. ರಸವೆಲ್ಲ ಸೋರಿ ಅವಳು ಬಾಡಿದರೆ ಬೀಜ ಬಲಿಯುವುದಿಲ್ಲ, ದಂಟಿನ ಕುಲವೇ ಅಲ್ಲಿಗೆ ಮುಗಿಯಿತು.

ಸೂರ್ಯನನ್ನು ಕೇಳಿದಳು. "ನಾನು ಹೊಸಬ, ನಂಗೇನು ಗೊತ್ತು?" ಅಂದ. ಚಳಿಗಾಳಿಯನ್ನು ಕೇಳಿದರೆ ಸೂರ್ಯನ ಕಡೆ ಕೈ ತೋರಿಸಿತು. ಹೊಳೆಯಂತೂ ಅವಳನ್ನೇ ಗದರಿತು: "ನಿನ್ನ ಮನೆ ಸೋರಿ ನನ್ನ ನೀರೆಲ್ಲ ಕೆಂಪು. ಮೊದ್ಲು ಮಕ್ಕಳಿಗೆ ಬುದ್ಧಿ ಹೇಳು."

ಅವಳ ಹೊಟ್ಟೆಯಲ್ಲೇ ಹುಟ್ಟಿದ ಇನ್ನೊಬ್ಬ ಮಗನಿದ್ದ, ಸ್ಟೆರಾಲು ಅಂತ. ಮಣೆಯಂಥ ಗಟ್ಟಿ ಮೈ, ಬಗ್ಗು ಅಂದರೆ ಬಗ್ಗ. ಇಬ್ಬರು ಕೂತಿದ್ದರೆ ಸಾಕು, ನಡುವೆ ತೂರಿಕೊಳ್ಳುವ ಕೆಟ್ಟ ಚಾಳಿ ಬೇರೆ. "ಅಮ್ಮಾ, ಇವನು ಮಧ್ಯೆ ತೂರ್ತಾನೆ" ಅಂತ ಜಿಡ್ಡಿನ ಮಕ್ಕಳು ದಿನಾ ಚಾಡಿ ಹೇಳುತ್ತಿದ್ದರು. ರೋಸಿಹೋಗಿ ದಂಟಮ್ಮ ಅವನನ್ನು ಮೂಲೆಯಲ್ಲಿ ಕೂರಿಸಿಬಿಟ್ಟಿದ್ದಳು.

ಅವತ್ತು ಮಧ್ಯಾಹ್ನ ತೆನೆ ಜೋತುಬಿತ್ತು. ದಂಟಮ್ಮನಿಗೆ ಕಣ್ಣು ಕತ್ತಲೆ ಬಂತು. ಆ ಹೊತ್ತಿಗೇ ಮೂಲೆಯಿಂದ ಸ್ಟೆರಾಲು, "ಅಮ್ಮಾ, ನಾನು ಇವ್ರ ನಡುವೆ ಕೂರ್ಲಾ?" ಅಂದ.

"ಎಲ್ಲಾದ್ರೂ ಕೂತು ಸಾಯಿ. ನನ್ನ ತಲೆ ತಿನ್ಬೇಡ."

ಅಷ್ಟು ಸಾಕಾಯಿತು ಅವನಿಗೆ. ತಲೆ ನೀರಿನ ಕಡೆ ಇಟ್ಟು, ಮೈ ಬಾಲಗಳ ನಡುವೆ ತೂರಿಸಿ ಕೂತೇಬಿಟ್ಟ. ಬೀಸಿದ ಬಾಲಗಳು ಅವನ ಗಟ್ಟಿ ಬೆನ್ನಿಗೆ ತಗುಲಿ ಸುಮ್ಮನಾದವು. ಸಂದಿ ಮುಚ್ಚಿತು. ಮರುದಿನ ಬೆಳಿಗ್ಗೆ ಚಳಿ ಬಂದಾಗ ಮಕ್ಕಳು ಅಂಟಿಕೊಳ್ಳಲು ನೋಡಿದರು. ನಡುವೆ ಇವನಿದ್ದಾನಲ್ಲ.

"ಸರಿಯೋ ಆಚೆ."

"ಸರಿಯೋದಿಲ್ಲ."

ಅಂಟಿಕೊಳ್ಳಲು ಆಗಲಿಲ್ಲ, ಬೇಲಿ ಬಿರಿಯಲಿಲ್ಲ, ರಸ ಒಂದು ತೊಟ್ಟೂ ಸೋರಲಿಲ್ಲ. ತೆನೆ ಮೆಲ್ಲಗೆ ತಲೆಯೆತ್ತಿತು.

"ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ಯೋ?" ಅಂದಳು ದಂಟಮ್ಮ.

"ನೀನೇ ಮೂಲೇಲಿ ಕೂರಿಸಿದ್ಯಲ್ಲಮ್ಮ."

ದಂಟಮ್ಮ ತೆನೆಯ ಕಡೆ ತಿರುಗಿ ಏನೋ ಕೆಲಸ ಇದ್ದವಳ ಹಾಗೆ ನಟಿಸಿದಳು. ಸ್ಟೆರಾಲು ಮತ್ತೆ ಹೇಳಿದ: "ಬಿಸಿಲು, ಚಳಿ ನಾನು ನೋಡ್ಕೋತೀನಿ. ಒಲೆ ಉರಿ ಮಾತ್ರ ನನ್ನ ಕೈಲಾಗಲ್ಲ."

"ನನ್ನನ್ನ ಒಲೆ ಮೇಲೆ ಯಾರು ಇಡ್ತಾರೆ? ಸುಮ್ನೆ ಕೂತ್ಕೋ."

ಪಾಪ, ಅವಳಿಗೆ ನಮ್ಮ ವಿಷಯ ಗೊತ್ತಿರಲಿಲ್ಲ. ಬೀಜ ಬಲಿತು ಉದುರಿತು, ಅವಳ ಮಕ್ಕಳು ಮೊಮ್ಮಕ್ಕಳೆಲ್ಲ ನಮ್ಮ ಹಿತ್ತಿಲವರೆಗೂ ಬಂದರು. ಅದಕ್ಕೇ ನೋಡು, ಕೆಂಪು ದಂಟಿನ ಎಲೆಯನ್ನು ತಣ್ಣೀರಲ್ಲಿ ತೊಳೆದರೆ ನೀರು ತಿಳಿಯಾಗೇ ಇರುತ್ತದೆ, ಅದೇ ಎಲೆಯನ್ನು ಒಲೆಯ ಮೇಲೆ ಬೇಯಿಸಿದರೆ ನಿನ್ನ ತಟ್ಟೆಯ ಅನ್ನವೆಲ್ಲ ಕೆಂಪಾಗುತ್ತದೆ.