ಕಿತ್ತ ವೈರು

ಹೊಳೆ ದಂಡೆಯ ಮಠದಲ್ಲಿ ಒಂದು ಮುದಿ ಕಾರಿತ್ತು. ಸುತ್ತಲಿನ ಊರುಗಳ ರೋಗಿಗಳನ್ನು ಆಸ್ಪತ್ರೆಗೆ ಮುಟ್ಟಿಸುವುದು ಅದರ ಕಾಯಕ. ಅದನ್ನು ನೋಡಿಕೊಳ್ಳುವುದು ಶಿಷ್ಯ ಬಸಲಿಂಗನ ಕಾಯಕ.

ಉಳಿದ ಶಿಷ್ಯರು ಅರಳು ಹುರಿದಂತೆ ವಚನ ಹೇಳುತ್ತಿದ್ದರು. ಬಸಲಿಂಗನಿಗೆ ಮೂರನೆಯ ಸಾಲಿಗೇ ಮರೆವು. ಭಜನೆಯಲ್ಲಿ ಮೂಲೆ ಹಿಡಿದು ತಾಳ ಹಾಕುವುದಷ್ಟೇ ಅವನ ಪಾಲಿಗೆ ಬಂದದ್ದು.

ಒಂದು ಮುಂಜಾನೆ ಅವನು ಗುರುಗಳ ಕಾಲಿಗೆರಗಿದ. ಎಲ್ಲರೂ ಅವರನ್ನು ಕರೆಯುತ್ತಿದ್ದುದು ಅಜ್ಜಾರು ಎಂದೇ.

“ಅಪ್ಪಣೆ ಕೊಡ್ರಿ ಅಜ್ಜಾರ. ಮಠ ಬಿಟ್ಟು ಹೋಗ್ತೀನಿ.”

“ಯಾಕೋ ತಮ್ಮಾ?”

“ನಾ ಇದ್ದರೂ ಅಷ್ಟೇ, ಇರದಿದ್ದರೂ ಅಷ್ಟೇರಿ.”

ಅಜ್ಜಾರು ಕಾರಿನತ್ತ ತಿರುಗಿದರು. “ಅದಕ್ಕೇನಾಗೇತಿ?”

“ದಿಬ್ಬ ಏರವಲ್ದು. ನಾಲ್ಕು ಪ್ಲಗ್ಗಿನಾಗ ಒಂದು ಕೆಲಸ ಮಾಡವಲ್ದ್ರಿ.”

“ಯಾವುದು ಅಂತ ಹೆಂಗ ತಿಳೀತೈತಿ?”

ಬಸಲಿಂಗ ಎಂಜಿನ್ ಚಾಲೂ ಮಾಡಿದ. ಅದು ಕುಂಟುತ್ತ ಓಡಿತು. ಒಣಬಟ್ಟೆ ಸುತ್ತಿದ ಇಕ್ಕಳದಿಂದ ಒಂದು ಪ್ಲಗ್ಗಿನ ವೈರು ಕಿತ್ತ. ಎಂಜಿನ್ ಇನ್ನಷ್ಟು ಮುಗ್ಗರಿಸಿತು.

“ಇದು ದುಡೀತೈತ್ರಿ.”

ಅದನ್ನು ಸಿಕ್ಕಿಸಿ ಪಕ್ಕದ್ದನ್ನು ಕಿತ್ತ. ಸದ್ದು ಬದಲಾಗಲೇ ಇಲ್ಲ.

“ಇದೇ ನೋಡ್ರಿ ಮಲಗಿದ್ದು. ತೆಗೆದರೂ ಗೊತ್ತಾಗವಲ್ದು.”

ಎಂಜಿನ್ ಆರಿಸಿ, ಆ ಪ್ಲಗ್ಗಿಗೆ ಅಂಟಿದ್ದ ಮಸಿ ಕೆರೆದು ಕೂರಿಸಿದ. ಮೂಗಿಗೂ ಒಂದಿಷ್ಟು ಮಸಿ ಬಳಿದುಕೊಂಡ. ಈ ಸಲ ಎಂಜಿನ್ ಒಂದೇ ಲಯದಲ್ಲಿ ಓಡಿತು.

“ಶಹಬ್ಬಾಸ್! ಎಂಥಾ ಕಿವಿ ಐತೋ ನಿನಗ!” ಅಜ್ಜಾರಿಗೆ ಖುಷಿಯೋ ಖುಷಿ.

ಬಸಲಿಂಗ ನಗಲಿಲ್ಲ. ಮತ್ತೆ ಕೈ ಮುಗಿದ. “ಅಪ್ಪಣೆ, ಅಜ್ಜಾರ?”

“ಹೊಳೆ ದಾಟಿ ಆಚೆ ದಂಡಿ ಮ್ಯಾಲ ಕುಂಡ್ರು. ಸಂಜೀಕ ಬಂದು ಹೇಳ್ತೀನಿ.”

ಏನು ತಪ್ಪಾಯಿತೋ ಎಂದು ಅಳುಕುತ್ತ ಅವನು ಹರಿಗೋಲು ಹತ್ತಿದ. ಆಚೆ ಹೋಗಿ ಕುಳಿತ.

ಹೊತ್ತು ಮುಳುಗಿತು. ಮಠದ ಭಜನೆ ನೀರಿನ ಮೇಲೆ ತೇಲಿಬಂತು. ಎರಡು ನುಡಿ ಸಾಗುವಷ್ಟರಲ್ಲಿ ದನಿಗಳು ಒಂದರ ಮೇಲೊಂದು ಬಿದ್ದವು, ನಿಂತವು. ಮತ್ತೆ ಶುರುವಾಯಿತು. ಮತ್ತೆ ಮುಗ್ಗರಿಸಿತು.

ಬಸಲಿಂಗನ ಬೆರಳುಗಳು ತಾವಾಗಿಯೇ ತೊಡೆಯ ಮೇಲೆ ತಾಳ ಹಾಕತೊಡಗಿದವು.

ಅಷ್ಟರಲ್ಲಿ ಹರಿಗೋಲಿನಿಂದ ಅಜ್ಜಾರು ಇಳಿದರು. ಕೈಯಲ್ಲಿ ಅವನ ತಾಳಗಳಿದ್ದವು.

“ಕೇಳಿದೇನು?”

“ಕೇಳಿದೆರಿ. ಯಾಕ ಹಿಂಗಾತ್ರಿ?”

ಅಜ್ಜಾರು ತಾಳಗಳನ್ನು ಅವನ ಅಂಗೈಯಲ್ಲಿಟ್ಟರು.

“ವೈರು ಕಿತ್ತಾಂವ ನಾನೇ ತಮ್ಮಾ. ಬಾ, ತಿರುಗಿ ಹಾಕೂಣು.”