ಬೆಕ್ಕಿನ ರಾತ್ರಿಯೂಟ

ಅಡುಗೆಮನೆಯಲ್ಲಿ ಬೆಕ್ಕೊಂದು ಇಲಿಯ ಬಾಲದ ಮೇಲೆ ಕಾಲಿಟ್ಟು, ತಿನ್ನುವ ಮೊದಲು ಆರಾಮವಾಗಿ ಆಕಳಿಸಿತು. ಇಲಿಗೆ ಅಷ್ಟು ಸಮಯ ಸಾಕಾಯಿತು.

“ಬೆಕ್ಕಮ್ಮ, ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಂಡರೆ ಅದು ಊಟವೇ? ಒಂದು ದಿನವಿಡೀ ಮನಸ್ಸಿಗೊಪ್ಪುವ ಮನೆಯೂಟ ಆಗಬೇಕೆಂದರೆ ಏನೇನಿರಬೇಕು?”

ಬೆಕ್ಕು ಕಣ್ಣು ಮುಚ್ಚಿತು. “ಬೆಳಿಗ್ಗೆ ದೋಸೆ, ಅದರ ಮೇಲೆ ದಪ್ಪಗೆ ಬೆಣ್ಣೆ.”

“ದೋಸೆ ಎಷ್ಟು ಹಾಕಿಸಲಿ?”

“ದೋಸೆಯನ್ನು ಯಾರು ತಿನ್ನುತ್ತಾರೆ, ಪೆದ್ದೇ? ಬೆಣ್ಣೆ ನೆಕ್ಕುವುದು. ಮಧ್ಯಾಹ್ನ ಬಂಗುಡೆ ಸಾರು, ಹುರಿದ ಮೀನು.”

“ಇನ್ನೊಂದು ತುಂಡು ಹಾಕಿಸಿಕೊಳ್ಳಿ.”

“ಬೇಡ, ಸಾಕು.”

“ಛೇ, ಸಂಕೋಚ ಮಾಡಬಾರದು. ನನ್ನಾಣೆ, ಒಂದೇ ಒಂದು!”

ಬೆಕ್ಕು ಮಾತು ಮೀರಲಾರದೆ ಮನಸ್ಸಿನಲ್ಲೇ ಹಾಕಿಸಿಕೊಂಡಿತು. ಸಂಜೆಯ ತುಪ್ಪದ ಕಜ್ಜಾಯಕ್ಕೂ ಇಲಿ ಇದೇ ಉಪಚಾರ ಮಾಡಿತು. ಬೆಕ್ಕು ತೇಗಿತು.

ಇಲಿ ಕೇಳಿತು, “ರಾತ್ರಿಗೆ ನಾನೇ ತಾನೇ?”

ಬೆಕ್ಕು ಬೇಸರದಿಂದ ಕಣ್ಣು ತೆರೆಯಿತು. “ಇಷ್ಟೆಲ್ಲ ತಿಂದ ಮೇಲೆ ರಾತ್ರಿ ಇಲಿಯೇ? ಅರಗಬೇಡವೇ? ಒಂದು ತುತ್ತು ಮೊಸರನ್ನ ಸಾಕು.”

ಹಾಗೆಂದು ಬಾಲದ ಮೇಲಿನ ಕಾಲು ತೆಗೆದು, ಒಲೆಯ ಪಕ್ಕ ಅಂಗಾತ ಮಲಗಿತು. ಅತಿಥಿ ನಿದ್ದೆಹೋದದ್ದನ್ನು ಕಂಡು, ಬಡಿಸಿದವರಿಗೆ ಸಲ್ಲುವ ನೆಮ್ಮದಿಯಿಂದ ಇಲಿ ಬಿಲ ಸೇರಿತು.